ತಲೆಗೆ ಸೋಪು, ಕತೆಗೆ ಖಳ

ತೊಂದರೆ ಶುರುವಾದದ್ದು ಎರಡೇ ಅಕ್ಷರದಿಂದ. ಬೆಳಿಗ್ಗೆ ಟಿವಿಯಲ್ಲಿ ಕೆಳಮನೆಯ ಟೈಲರ್ ಮಾವನ ಮುಖ ಬಂತು, ಅದರ ಕೆಳಗೆ ‘ಖಳ’ ಎಂದು ಮೂಡಿತು. ಕೂತು ನೋಡುತ್ತಿದ್ದ ಟೈಲರ್ ಮಾವನ ಕುರ್ಚಿ ಕಿರುಗುಟ್ಟಿತು.

ಕಾಲೇಜಿನಲ್ಲಿ ಸಿನಿಮಾ ಓದುತ್ತಿದ್ದ ಹುಡುಗನನ್ನು ಕಟ್ಟಡದವರು ‘ಡೈರೆಕ್ಟರು’ ಎಂದೇ ಕರೆಯುತ್ತಿದ್ದರು, ಗೌರವದಿಂದೇನಲ್ಲ. ಕಥನ ಸಿದ್ಧಾಂತದ ವಿಷಯದಲ್ಲಿ ಅವನು ಒಮ್ಮೆ ಡುಮ್ಕಿ ಹೊಡೆದಿದ್ದ. ಈ ಸಲವೂ ಹೊಡೆದರೆ ಒಂದು ವರ್ಷ ಮಣ್ಣುಪಾಲು. ಮೇಡಂ ಕೊಟ್ಟ ಕೆಲಸ ಇಷ್ಟೇ: ಒಂದು ಟ್ರೇಲರ್ ಮಾಡಬೇಕು, ಅದರಲ್ಲಿ ಯಾರು ನಾಯಕ, ಯಾರು ಖಳ, ಯಾರು ಸಹಾಯಕ, ಬೇಕಾದ ವಸ್ತು ಕೊಡುವ ದಾನಿ ಯಾರು ಎಂದು ಸಿದ್ಧಾಂತದ ಪ್ರಕಾರ ಮುಖದ ಕೆಳಗೇ ಬರೆಯಬೇಕು. ನಟಿಸಿದವರೆಲ್ಲ ಮೊದಲೇ ನೋಡಿ ಒಪ್ಪಿರಬೇಕು, ಅಂದೇ ಮಧ್ಯಾಹ್ನ ತರಗತಿಗೂ ಬರಬೇಕು. ಒಬ್ಬರು ತಪ್ಪಿದರೂ ಟ್ರೇಲರ್ ಲೆಕ್ಕಕ್ಕಿಲ್ಲ.

ಕತೆಗಾಗಿ ಅವನು ದೂರ ಹೋಗಿರಲಿಲ್ಲ. ಆ ಕಟ್ಟಡದಲ್ಲಿ ನೀರಿನ ಟ್ಯಾಂಕಿನ ವಾಲ್ವಿಗೆ ಬೀಗ ಹಾಕಿದ್ದರು. ಕೀಲಿ ತಿಂಗಳಿಗೊಂದು ಮನೆಯ ಸುಪರ್ದಿಗೆ. ಟ್ರೇಲರಿನ ನಾಯಕ, ಅಂದರೆ ಅವನೇ, ಸ್ನಾನದ ನಡುವೆ ನೀರು ನಿಂತು, ತಲೆ ತುಂಬ ನೊರೆ ಹೊತ್ತು ಕೀಲಿಗಾಗಿ ಮೆಟ್ಟಿಲೇರುತ್ತಾನೆ. ಟೈಲರ್ ಮಾವ ಅಡ್ಡ ನಿಲ್ಲುತ್ತಾನೆ. ಅಮ್ಮ ಬಕೆಟ್ ಕೊಡುತ್ತಾಳೆ. ಮೇಲಿನ ಮನೆಯ ನರ್ಸಕ್ಕ ಕೀಲಿ ಕೊಡುತ್ತಾಳೆ.

“ನಿನ್ನ ಪ್ಯಾಂಟಿನ ಜಿಪ್ಪು ಎಷ್ಟು ಸಲ ಬಿಟ್ಟಿ ಹಾಕ್ಕೊಟ್ಟಿದ್ದೀನಿ,” ಎಂದ ಟೈಲರ್ ಮಾವ. “ನಾನು ಖಳನೇನಪ್ಪಾ?”

“ಮಾವ, ಅದು ಬೈಗುಳ ಅಲ್ಲ. ಅಡ್ಡ ಬರೋರು ಒಬ್ಬರಿಲ್ದೆ ಕತೆ ನಡೆಯಲ್ಲ ಅಂತ ಸಿದ್ಧಾಂತಾನೇ ಹೇಳುತ್ತೆ.”

“ಹಾಗಾದ್ರೆ ತರಗತಿಗೂ ಸಿದ್ಧಾಂತಾನೇ ಕರ್ಕೊಂಡ್ಹೋಗು. ನಾನು ಬರಲ್ಲ.”

ಅಮ್ಮನ ಉರಿಯೇ ಬೇರೆ. “ಹೆತ್ತು ಸಾಕಿದೋಳು ಬರೀ ಸಹಾಯಕಿ. ಒಂದು ಕೀಲಿ ಕೊಟ್ಟೋಳು ದಾನಿ. ಆಗ್ಲಪ್ಪ, ಇನ್ಮೇಲೆ ಊಟಾನೂ ದಾನಿ ಮನೇಲೇ ಮಾಡು.”

“ನಂಗೇನು ಆ ಪಟ್ಟ ಬೇಡ ಅಕ್ಕ,” ಎಂದಳು ನರ್ಸಕ್ಕ. “ಡ್ಯೂಟಿ ಮುಗಿಸ್ಕೊಂಡು ಬಂದು, ಹೊಸ ಬಟ್ಟೆ ಹಾಕ್ಕೊಂಡು ನಿಂತಿದ್ದೆ. ಕಾಣಿಸ್ತಿರೋದು ನನ್ನ ಕೈ ಒಂದೇ.”

ಹುಡುಗ ಕೈಮುಗಿದ. ಮೂವರನ್ನೂ ನಾಯಕರನ್ನಾಗಿ ಮಾಡುತ್ತೇನೆಂದು ಒಪ್ಪಿಕೊಂಡ. ಆದರೆ ಖಳ ಒಬ್ಬ ಬೇಕಲ್ಲ? ನೀರಿನ ವಿಷಯದಲ್ಲಿ ಎತ್ತು ಏರಿಗೆ, ಕೋಣ ನೀರಿಗೆ ಎನ್ನುವಂತಿದ್ದ ಆ ಮೂವರು ಈ ಒಂದು ಮಾತಿಗೆ ತಕ್ಷಣ ಒಮ್ಮತಕ್ಕೆ ಬಂದರು. ಖಳ ಅವನೇ.

“ಮುಖಾನೂ ಒಪ್ಪುತ್ತೆ,” ಎಂದಳು ಅಮ್ಮ.

ನಾಯಕರೆಂದ ಮೇಲೆ ತಕ್ಕ ದೃಶ್ಯ ಬೇಡವೇ? ಹುಡುಗ ಫೋನನ್ನು ಮೆಟ್ಟಿಲ ಕಂಬಿಗೆ ಕಟ್ಟಿ, ಮತ್ತೆ ತಲೆಗೆ ಸೋಪು ಹಚ್ಚಿಕೊಂಡ. ನರ್ಸಕ್ಕ ಈ ಸಲ ಕೀಲಿ ಕೊಡಲಿಲ್ಲ, ಅವನ ಕೈಯಿಂದ ಕಸಿದುಕೊಂಡಳು. ಅಮ್ಮ ಬಕೆಟ್ ಕಿತ್ತುಕೊಂಡು ಬೈದಳು. ಸಂಭಾಷಣೆ ಬರೆದುಕೊಡುವ ಅಗತ್ಯವೇ ಬೀಳಲಿಲ್ಲ. ಟೈಲರ್ ಮಾವ ಮರದ ಅಳತೆಗೋಲು ಹಿಡಿದು ಅಟ್ಟಿಸಿಕೊಂಡು ಬಂದ, ಅದೂ ಸಾಲದೆ “ಇನ್ನೊಂದು ಟೇಕ್ ಇರ್ಲಿ” ಎಂದ. ಪ್ರತಿ ಟೇಕಿಗೂ ಹೊಸ ಸೋಪು. ಹುಡುಗನ ಕಣ್ಣು ಕೆಂಡವಾಯಿತು. ಒಂದೇ ಕಣ್ಣು ತೆರೆದು ಎಡಿಟ್ ಮಾಡಿದ. ತಲೆ ತೊಳೆಯಲು ಹೊತ್ತಿರಲಿಲ್ಲ, ಒಣಗಿದ ಸೋಪಿನ ತಲೆಯಲ್ಲೇ ಕಾಲೇಜಿಗೆ ಓಡಿದ.

ಟ್ರೇಲರ್ ಮುಗಿದಾಗ ಮೊದಲು ಚಪ್ಪಾಳೆ ತಟ್ಟಿದವರು ಹಿಂದಿನ ಬೆಂಚಿನಲ್ಲಿದ್ದ ಮೂವರು ನಾಯಕರು. ಮೇಡಂ ತಟ್ಟಲಿಲ್ಲ.

“ತಲೆಗೆ ಸೋಪು ಹಚ್ಕೊಂಡು ಒಂದು ಬಕೆಟ್ ನೀರು ಕೇಳೋನು ಖಳನಾ?” ಎಂದರು.

ಹುಡುಗ ತಲೆ ಕೆರೆದುಕೊಂಡ. ಭುಜದ ಮೇಲೆ ಬಿಳಿ ಪುಡಿ ಉದುರಿತು.

“ಪಾತ್ರ ಯಾವುದು ಅಂತ ಹೇಳೋದು ಕೆಳಗೆ ಬರೆದ ಪದ ಅಲ್ಲ, ಅವರು ಮಾಡೋ ಕೆಲಸ. ವರ್ಷವೆಲ್ಲ ಇದನ್ನೇ ತಾನೇ ಪಾಠ ಮಾಡಿದ್ದು? ಕೀಲಿ ಕಸ್ಕೊಳ್ಳೋ ಈಕೆ ಖಳ. ಬಕೆಟ್ ಕಿತ್ಕೊಳ್ಳೋ ಈಕೆ ಖಳ. ಆ ಕೋಲು ಹಿಡಿದೋರಂತೂ ಇವರಿಗೆಲ್ಲ ಗುರು. ನಟನೆ ಬಹಳ ಸಹಜವಾಗಿದೆ, ಸಿದ್ಧಾಂತ ಮಾತ್ರ ತಲೆಕೆಳಗು. ಫೇಲ್.”

“ಬೆಳಿಗ್ಗೆ ಸರಿಯಾಗೇ ಬರ್ದಿದ್ದೆ ಮೇಡಂ,” ಎಂದು ಹುಡುಗ ಬಾಯಿಬಿಟ್ಟ. “ಆಗ ಟೈಲರ್ ಮಾವ ಒಬ್ರೇ ಖಳ ಆಗಿದ್ರು.”

ಹಿಂದಿನ ಬೆಂಚಿನ ಮೂವರೂ ಒಟ್ಟಿಗೆ ಎದ್ದು ಹೊರಟುಹೋದರು.

ಹುಡುಗ ಮನೆಗೆ ಬಂದವನೇ ಬಚ್ಚಲಿಗೆ ನುಗ್ಗಿದ. ಅಳು ಬರುತ್ತಿತ್ತು, ಆದರೆ ಅದಕ್ಕಿಂತ ಮೊದಲು ತಲೆ ಕಡಿಯುತ್ತಿತ್ತು. ಒಣಸೋಪಿಗೆ ನೀರು ಬಿದ್ದದ್ದೇ ತಡ, ನೊರೆ ಕಣ್ಣಿಗೆ ಇಳಿಯಿತು. ಅಷ್ಟರಲ್ಲಿ ನಲ್ಲಿ ಗೊರಗೊರ ಎಂದು ನಿಂತಿತು.

“ಅಮ್ಮ, ಒಂದು ಬಕೆಟ್ ನೀರು.”

ಬಕೆಟ್ ಬರಲಿಲ್ಲ. ಟವೆಲ್ ಸುತ್ತಿಕೊಂಡು ಹೊರಗೆ ಬಂದ. ಅಡುಗೆಮನೆಯಲ್ಲಿ ಅಮ್ಮ ತುಂಬಿದ ಬಕೆಟ್ಟಿನ ಮೇಲೆ ಹಲಗೆಯಿಟ್ಟು, ಅದರ ಮೇಲೆ ಕೂತಿದ್ದಳು. ಮೇಲೆ ನರ್ಸಕ್ಕನ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದ ಸದ್ದಾಯಿತು. ಈ ತಿಂಗಳ ಕೀಲಿ ಇದ್ದದ್ದು ಅವಳ ಬಳಿಯೇ.

ಮೆಟ್ಟಿಲ ನಡುವೆ ಟೈಲರ್ ಮಾವ ಅಳತೆಗೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

“ಬಾರಪ್ಪ, ನಾಯಕ,” ಎಂದ.