ಗಿಡ್ಡ ಹಲ್ಲಿಯ ಉಪಕಾರ

ಬಾಳೆಗೊನೆಯ ಒಣ ಎಲೆಯನ್ನು ಕಿತ್ತುಹಾಕದೆ ಹಾಗೇ ಹೆಗಲಿಗೇರಿಸಿದ್ದೇ ಎವಾರಿಸ್ತ್ ಮಾಡಿದ ತಪ್ಪು. ಮಾ ಎಲ್ಫ್ರೀಡಾ ಅವರ ಮನೆ ತಲುಪುವಷ್ಟರಲ್ಲಿ ಆ ಎಲೆಯೊಳಗಿಂದ ಒಂದು ಗಿಡ್ಡ ಹಲ್ಲಿ ಅವನ ಅಂಗಿಯೊಳಗೆ ಇಳಿದಿತ್ತು. ನಮ್ಮ ಕೆರಿಬಿಯನ್ನಿನಲ್ಲಿ ಈ ಹಲ್ಲಿಗಳದ್ದು ದ್ವೀಪಕ್ಕೊಂದು ಜಾತಿ. ಸೇಂಟ್ ಲೂಸಿಯಾದ್ದು ಹೆಬ್ಬೆರಳಿನಷ್ಟೂ ಇಲ್ಲ. ಆದರೂ ಅದರ ಹೆಸರೆತ್ತಿ ‘ಮಬೂಯಾ’ ಎಂದರೆ ಸಾಕು, ಮೀಸೆ ಹೊತ್ತ ಗಂಡಸರೂ ಬೆವರುತ್ತಾರೆ. ಮೈಗೆ ಅಂಟಿದರೆ ಬಿಡುವುದೇ ಇಲ್ಲವಂತೆ. ಬಿಡಿಸಲು ಅದರ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಡಬೇಕು, ಇಲ್ಲವೇ ಕನ್ನಡಿ ತೋರಿಸಬೇಕಂತೆ.

ಎವಾರಿಸ್ತ್ ಬಂದದ್ದು ಮಾ ಎಲ್ಫ್ರೀಡಾ ಅವರ ಮಗಳು ಸೆರಾಫೀನಳನ್ನು ಮದುವೆಗೆ ಕೇಳಲು. ಹುಡುಗಿಗೂ ಇನ್ನೂ ಹೇಳಿರಲಿಲ್ಲ. ಮೊದಲು ತಾಯಿಯನ್ನು ಕೇಳುವುದೇ ಮರ್ಯಾದೆ ಎಂದುಕೊಂಡಿದ್ದ, ಪಾಪ.

“ಅಮ್ಮಾ, ನಾನು ಬಂದದ್ದು...” ಎಂದವನು ಬೆನ್ನಲ್ಲಿ ಕಚಗುಳಿಯಾಗಿ ಸೊಂಟ ಕುಣಿಸಿದ.

“ಬೆಳ್ಬೆಳಗ್ಗೇನೇ ಕುಡ್ಕೊಂಡು ಬಂದಿದ್ದೀಯೇನೋ?” ಎಂದರು ಮಾ ಎಲ್ಫ್ರೀಡಾ.

ಬೇಲಿಯಾಚೆಯಿಂದ ಬ್ರೆಡ್ಡು ಸುಡುವ ಕ್ಲೋವಿಸ್ ಇಣುಕಿದ. “ಅಯ್ಯಯ್ಯೋ, ಕತ್ತಿನ ಹತ್ರ ಬಾಲ! ಮಬೂಯಾ! ಅಲ್ಲಾಡ್ಬೇಡ ಮಾರಾಯ, ಇಸ್ತ್ರಿಪೆಟ್ಟಿಗೆ ಕಾಯಿಸ್ತೀನಿ!”

“ಬೇಡಪ್ಪಾ ಬೇಡ, ಕನ್ನಡೀನೇ ತಾ!” ಎಂದು ಎವಾರಿಸ್ತ್ ಕಿರುಚಿದ.

ಕ್ಲೋವಿಸ್ ಗೋಡೆಗನ್ನಡಿ ಕಿತ್ತುಕೊಂಡು ಓಡಿಬಂದು ಎವಾರಿಸ್ತನ ಮುಖಕ್ಕೆ ಹಿಡಿದ.

“ಹಲ್ಲಿ ಇರೋದು ಹಿಂದೆ ಕಣೋ, ಬುದ್ಧಿವಂತ!” ಎಂದು ಮಾ ಎಲ್ಫ್ರೀಡಾ ಗದರಿ ಅಂಗಿಯನ್ನು ಎತ್ತಿದರು. ಹಲ್ಲಿಗೆ ಕನ್ನಡಿ ಹಿಡಿಸಲಿಲ್ಲ. ಅದು ನೇರವಾಗಿ ಅವರ ಕೆನ್ನೆಗೆ ಹಾರಿತು.

“ಮಾತೆ ಮರಿಯಾ, ಸತ್ತೆ!” ಅವರು ಕಂಬದಂತೆ ಸೆಟೆದು ನಿಂತರು. “ಅಂಟ್ಕೊಂತು, ಅಂಟ್ಕೊಂತು!” ಎನ್ನುತ್ತ ಕ್ಲೋವಿಸ್ ಕನ್ನಡಿ ಬಿಸುಟು ಪರಾರಿಯಾದ. ಎವಾರಿಸ್ತ್ ಕಣ್ಣು ಮುಚ್ಚಿ, ಎರಡು ಬೆರಳಲ್ಲಿ ಹಿಡಿದೆಳೆದ. ರೊಟ್ಟಿಯ ಚೂರು ಉದುರಿದಷ್ಟು ಸಲೀಸಾಗಿ ಹಲ್ಲಿ ಬಂದುಬಿಟ್ಟಿತು.

ಮಾ ಎಲ್ಫ್ರೀಡಾ ಅವನನ್ನು ತಬ್ಬಿಕೊಂಡು ಗಳಗಳನೆ ಅತ್ತರು. “ಜೀವ ಉಳಿಸಿದ್ಯಲ್ಲೋ! ಈ ಋಣ ಹೇಗೋ ತೀರಿಸ್ಲಿ?”

ಎವಾರಿಸ್ತನ ಎದೆ ತುಂಬಿಬಂತು. ಆ ಪುಟ್ಟ ಹಲ್ಲಿಗೆ ಮನಸ್ಸಿನಲ್ಲೇ ನೂರು ಸಲ ವಂದಿಸಿದ. ಅಳಿಯ ಎನ್ನಲು ನಾಚಿಕೆಯಾಗಿ, “ನನ್ನನ್ನೂ ಈ ಮನೆ ಮಗ ಅಂತ ಸೇರಿಸ್ಕೊಳ್ಳಿ ಅಮ್ಮಾ, ಅಷ್ಟು ಸಾಕು” ಎಂದ.

“ಸೇರಿಸ್ಕೊಳ್ಳೋದೇನು ಬಂತು, ಇವತ್ತಿಂದ ನೀನು ನನ್ನ ಮಗನೇ! ಸೆರಾಫೀನ್, ಬಾರೇ! ಅಪ್ಪ ಇಲ್ಲ, ಮದುಮಗಳನ್ನ ಚರ್ಚಿಗೆ ಕರ್ಕೊಂಡು ಹೋಗಿ ಒಪ್ಪಿಸೋಕೆ ಮನೇಲಿ ಗಂಡಸಿಲ್ಲ ಅಂತ ಅಳ್ತಿದ್ದೆಯಲ್ಲ? ಇನ್ನು ಇವನಿದ್ದಾನೆ! ನಿನ್ನ ಮೀನುಗಾರ ಜೂಲ್ಸ್‌ಗೆ ಈಗ್ಲೇ ಹೇಳಿ ಕಳ್ಸು, ಮದ್ವೆಗೆ ನಾನು ಒಪ್ಪಿದೀನಿ ಅಂತ!”

ಸೆರಾಫೀನ್ ಬಿಸಿ ಕೋಕೋ ಲೋಟ ಹಿಡಿದು ಬಂದಳು. ಅವಳ ಕಣ್ಣೂ ಒದ್ದೆಯಾಗಿತ್ತು.

“ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ, ಅಣ್ಣಾ.”