ಯಾವ ಫೋಲ್ಡರಿನಲ್ಲಿ ಯಾರ ಮದುವೆ

ಮಡಿಕೇರಿಯ ಫೋಟೋ ಸ್ಟುಡಿಯೋ ಒಂದರಲ್ಲಿ ನಾನು ಮಾಡುವ ಕೆಲಸ ಏನು ಅಂತ ಅಮ್ಮನಿಗೆ ಇನ್ನೂ ಅರ್ಥವಾಗಿಲ್ಲ. ಫೋಟೋ ತೆಗೆಯುವವರು ಯಜಮಾನರು. ತೆಗೆದದ್ದನ್ನು ಕಂಪ್ಯೂಟರಿನಲ್ಲಿ ಜೋಡಿಸಿಟ್ಟು, ಯಾರಾದರೂ ಕೇಳಿದಾಗ ಹುಡುಕಿ ಕೊಡುವವಳು ನಾನು. "ಇಟ್ಟಿದ್ದು ಇಟ್ಟಲ್ಲೇ ಇರ್ತದಲ್ಲ, ಅದಕ್ಯಾಕೆ ಸಂಬಳ ಕೊಡ್ತಾರೆ?" ಅನ್ನುತ್ತಾಳೆ ಅಮ್ಮ. ಇಟ್ಟಿದ್ದು ಇಟ್ಟಲ್ಲೇ ಇರುತ್ತದೆ, ನಿಜ. ಆದರೆ ಎಲ್ಲಿಟ್ಟಿದ್ದು, ಯಾರದ್ದನ್ನು ಇಟ್ಟಿದ್ದು ಅನ್ನುವುದರಲ್ಲಿ ವಾರಕ್ಕೊಂದು ಎಡವಟ್ಟು ಆಗುತ್ತಲೇ ಇರುತ್ತದೆ.

ಪಾಯಸ

ಕೆಲಸಕ್ಕೆ ಸೇರಿದ ಮೊದಲ ದಿನ ಕಂಪ್ಯೂಟರ್ ತೆರೆದು ನೋಡಿದರೆ ನೂರಾರು ಫೋಲ್ಡರುಗಳು. ಒಂದಕ್ಕೂ ಮದುಮಕ್ಕಳ ಹೆಸರಿಲ್ಲ. 'ಮಳೆ ಬಂದದ್ದು', 'ಜನರೇಟರ್ ಕೆಟ್ಟದ್ದು', 'ವಾಲಗದವರು ತಡ', 'ಮಳೆ ಬಂದದ್ದು ಎರಡು'.

"ಇದೇನು ಸಾರ್?" ಅಂತ ಕೇಳಿದೆ.

ಯಜಮಾನರು ಸಂಪಾಜೆ ಕಡೆಯವರು, ಸಾವಧಾನದ ಮನುಷ್ಯ. "ಹೆಸರು ನಂಗೆ ಮರೆತು ಹೋಗ್ತದೆ. ಆದದ್ದು ಮರೆಯುವುದಿಲ್ಲ" ಅಂದರು.

ಎಲ್ಲಕ್ಕೂ ಸರಿಯಾದ ಹೆಸರು ಕೊಡಲು ನನಗೆ ತಿಂಗಳುಗಟ್ಟಲೆ ಬೇಕಿತ್ತು. ಅಷ್ಟರಲ್ಲಿ ಒಬ್ಬ ಹೆಂಗಸು ಮಗಳ ಮದುವೆಯ ನಾಲ್ಕು ಫೋಟೋ ಪ್ರಿಂಟ್ ಹಾಕಿಸಲು ಬಂದು, ನನ್ನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಮಗಳ ಹೆಸರು ಹಾಕಿ ಹುಡುಕಿದೆ, ಸಿಗಲಿಲ್ಲ. ಮಂಟಪದ ಹೆಸರು ಹಾಕಿದೆ, ಅದೂ ಇಲ್ಲ. ಒಳಗೆ ಲೈಟು ಸರಿಮಾಡುತ್ತಿದ್ದ ಯಜಮಾನರು ಇವರ ದನಿ ಕೇಳಿಯೇ ಗುರುತು ಹಿಡಿದು, ಅಲ್ಲಿಂದಲೇ ಕೂಗಿ ಹೇಳಿದರು: "ಅದು ಪಾಯಸ ಸೀದದ್ದು. ಅದನ್ನು ತೆಗಿ."

ತೆಗೆದೆ. ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ 'ಪಾಯಸ ಸೀದದ್ದು' ಅಂತಲೇ ಇತ್ತು. ಆ ಹೆಂಗಸು ಅದನ್ನೇ ನೋಡುತ್ತಾ ಕೂತರು. "ನಮಗೆ ಯಾರೂ ಹೇಳಲೇ ಇಲ್ಲವಲ್ಲ" ಅಂದರು. ಯಜಮಾನರು ಹೊರಗೆ ಬಂದವರು ಗೋಡೆ ನೋಡುತ್ತಾ ನಿಂತರು. ನಾನು ಗಡಿಬಿಡಿಯಲ್ಲಿ ಹೆಸರು ಬದಲಾಯಿಸಿದೆ.

ಆ ಹೆಂಗಸು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, "ಮಾರನೇ ದಿನ ನಮ್ಮ ಬೀಗರ ಕಡೆ ರಿಸೆಪ್ಶನ್ ಇತ್ತಲ್ಲ, ಅದಕ್ಕೆ ಏನಂತ ಇಟ್ಟಿದ್ದೀರಿ?" ಅಂತ ಕೇಳಿದರು.

ಹುಡುಕಿದೆ. 'ಚಿಕನ್ ಸಾಕಾಗಲಿಲ್ಲ' ಅಂತಿತ್ತು.

ಅವರ ಮುಖ ಅರಳಿತು. "ಅದೊಂದನ್ನು ಬದಲಾಯಿಸಬೇಡಿ, ಹಾಗೇ ಇರಲಿ" ಅಂದವರು ನಾಲ್ಕರ ಬದಲು ಎಂಟು ಫೋಟೋ ಹಾಕಿಸಿಕೊಂಡು ಹೋದರು.

ಮಾವ ಇರುವುದು, ಮಾವ ಇಲ್ಲದ್ದು

ಒಂದು ಮದುವೆಯಲ್ಲಿ ಮದುಮಗನ ಸೋದರಮಾವನಿಗೆ ದಿಬ್ಬಣದ ಕಾರಿನಲ್ಲಿ ಮುಂದಿನ ಸೀಟು ಸಿಗಲಿಲ್ಲ. ಅವರು ಊಟ ಮಾಡದೆ ಹೊರಟುಹೋದರು. ವಾರ ಕಳೆದ ಮೇಲೆ ಮದುಮಗನ ತಾಯಿ ಫೋನ್ ಮಾಡಿದರು. "ಆಲ್ಬಮಲ್ಲಿ ನನ್ನ ತಮ್ಮ ಎಲ್ಲೂ ಕಾಣಬಾರದು."

ಆದರೆ ಹಾಗೆ ಹೊರಟುಹೋಗುವುದಕ್ಕೆ ಮೊದಲು ಮಾವ ಎಲ್ಲ ಫೋಟೋದಲ್ಲೂ ನಿಂತಿದ್ದರು. ಒಬ್ಬೊಬ್ಬರ ನಡುವಿನಿಂದ ಅವರನ್ನು ಅಳಿಸಿ ತೆಗೆಯಲು ನನಗೆ ಮೂರು ದಿನ ಹಿಡಿಯಿತು. ಒಂದು ಫೋಟೋದಲ್ಲಿ ಅವರು ಹೋಗಿ ಅವರು ಹಿಡಿದಿದ್ದ ಕೊಡೆ ಮಾತ್ರ ಗಾಳಿಯಲ್ಲಿ ಉಳಿದಿತ್ತು. ಮುಗಿಯಿತು ಅನ್ನುವಾಗ ಮತ್ತೆ ಫೋನ್ ಬಂತು. "ರಾಜಿ ಆಯ್ತು, ತಮ್ಮನನ್ನು ವಾಪಸ್ ಹಾಕಿ." ಹಾಕಿದೆ. ಮತ್ತೆ ಜಗಳವಾಯಿತು, ಮತ್ತೆ ತೆಗೆದೆ. ಕೊನೆಗೆ ಎರಡು ಫೋಲ್ಡರ್ ಮಾಡಿ, ಒಂದಕ್ಕೆ 'ಮಾವ ಇರುವುದು', ಇನ್ನೊಂದಕ್ಕೆ 'ಮಾವ ಇಲ್ಲದ್ದು' ಅಂತ ಹೆಸರಿಟ್ಟು ಕಾಯುತ್ತಾ ಕೂತೆ.

ಒಂದು ದಿನ ಮಾವನೇ ಫೋನ್ ಮಾಡಿದರು. ದನಿ ತಗ್ಗಿತ್ತು. "ಮೇಡಂ, ಆಲ್ಬಮಿನಲ್ಲಿ ನಾನೀಗ ಇದ್ದೇನಾ, ಇಲ್ಲವಾ?"

ಇದ್ದದ್ದನ್ನೇ ಹೇಳಿದೆ. "ಎರಡು ಥರ ಮಾಡಿಟ್ಟಿದ್ದೇನೆ ಸಾರ್. ಒಂದರಲ್ಲಿ ಇದ್ದೀರಿ, ಇನ್ನೊಂದರಲ್ಲಿ ಇಲ್ಲ."

ಅವರ ದನಿ ಇನ್ನೂ ತಗ್ಗಿತು. "ಯಾವುದು ಚೆನ್ನಾಗಿ ಬಂದಿದೆ?"

ನಮ್ಮ ರೈಟರು

ಪೊನ್ನಂಪೇಟೆ ಕಡೆಯ ಪ್ಲಾಂಟರ್ ಒಬ್ಬರು ಎಸ್ಟೇಟಿಗೂ ಹೋಂಸ್ಟೇಗೂ ಸೇರಿಸಿ ಒಂದು ವೆಬ್‌ಸೈಟ್ ಮಾಡಿಸುತ್ತಿದ್ದರು. ಯಜಮಾನರು ಅಲ್ಲಿಗೆ ಹೋಗಿ ತೆಗೆದ ಫೋಟೋಗಳೆಲ್ಲ ನನ್ನ ಕೈಗೆ ಬಂದವು. "ರೈಟರ್ ಒಂದು ಫೋಲ್ಡರ್, ಲೈನ್ ಒಂದು, ಪಿಕ್ಕಿಂಗ್ ಒಂದು. ಬೇರೆ ಬೇರೆ ಮಾಡಿ ವೆಬ್‌ಸೈಟಿನವರಿಗೆ ಕಳಿಸಿಬಿಡಿ" ಅಂತ ಪ್ಲಾಂಟರ್ ಹೇಳಿದರು.

ನಮ್ಮದು ಕುಶಾಲನಗರದ ಪಕ್ಕ. ಅಜ್ಜನ ಕಾಲದಲ್ಲಿ ಹಾಸನದಿಂದ ಬಂದು ಜೋಳ, ಶುಂಠಿ ಬೆಳೆದುಕೊಂಡಿರುವವರು. ಕಾಫಿಗೂ ನಮಗೂ ಲೋಟದಷ್ಟೇ ಸಂಬಂಧ. ನಾನು ಫೋಟೋಗಳನ್ನೆಲ್ಲ ಜಾಲಾಡಿದೆ. ವರಾಂಡದಲ್ಲಿ ಶಾಲು ಹೊದ್ದು, ಕನ್ನಡಕ ಹಾಕಿಕೊಂಡು ದೂರ ನೋಡುತ್ತಿದ್ದ ಹಿರಿಯರೊಬ್ಬರು ಸಿಕ್ಕಿದರು. ಸಾಹಿತಿಗಳಿರಬೇಕು ಅಂದುಕೊಂಡು 'ರೈಟರ್' ಫೋಲ್ಡರಿಗೆ ಹಾಕಿದೆ. ಊಟಕ್ಕೆ ತಟ್ಟೆ ಹಿಡಿದು ಸಾಲಾಗಿ ನಿಂತಿದ್ದ ಅತಿಥಿಗಳು 'ಲೈನ್'. ಬಸ್‌ಸ್ಟ್ಯಾಂಡಿನಿಂದ ಗೆಸ್ಟ್‌ಗಳನ್ನು ಕರೆತರುವ ಜೀಪು 'ಪಿಕ್ಕಿಂಗ್'. ಎಲ್ಲ ಸಲೀಸಾಗಿ ಮುಗಿಯಿತಲ್ಲ ಅಂತ ಖುಷಿಪಟ್ಟೆ.

ವೆಬ್‌ಸೈಟ್ ಬಂದ ಎರಡನೇ ದಿನ, ಬೆವರು ಒರೆಸಿಕೊಳ್ಳುತ್ತಾ ಒಬ್ಬರು ಸ್ಟುಡಿಯೋಗೆ ಬಂದರು. ಮೊಬೈಲ್ ನನ್ನ ಮುಂದೆ ಹಿಡಿದರು. ಶಾಲಿನ ಹಿರಿಯರ ಕೆಳಗೆ 'ನಮ್ಮ ರೈಟರ್' ಅಂತ ಬರೆದಿತ್ತು.

"ಆ ಎಸ್ಟೇಟಲ್ಲಿ ಹದಿನೆಂಟು ವರ್ಷದಿಂದ ರೈಟರ್ ನಾನು. ಆಳುಗಳ ಹಾಜರಿ ಬರೆಯುವವ ನಾನು. ನನ್ನನ್ನು ತೆಗೆದುಹಾಕಿದ್ದಾರಾ ಮೇಡಂ? ಸಾಹುಕಾರ್ರ ಹತ್ತಿರ ಕೇಳುವುದಕ್ಕೆ ಹೆದರಿಕೆ."

ಲೈನ್ ಅಂದರೆ ಆಳುಗಳ ಮನೆಗಳ ಸಾಲು, ಪಿಕ್ಕಿಂಗ್ ಅಂದರೆ ಕಾಫಿ ಹಣ್ಣು ಕೊಯ್ಯುವುದು ಅಂತ ಅವರೇ ತಿಳಿಸಿದರು. ತಪ್ಪು ನನ್ನದು, ನಿಮ್ಮ ಕೆಲಸ ಎಲ್ಲೂ ಹೋಗಿಲ್ಲ ಅಂತ ಕೈ ಮುಗಿದೆ. ಅವರು ಕುರ್ಚಿಯಲ್ಲಿ ಕೂತು ಮೊಬೈಲಿನಲ್ಲಿದ್ದ ಶಾಲಿನ ಹಿರಿಯರನ್ನು ತೋರಿಸಿದರು.

"ಇವರು ಸಾಹುಕಾರ್ರ ಅಣ್ಣ. ಬೆಳಿಗ್ಗೆ ಏಳುವುದೇ ಹತ್ತು ಗಂಟೆಗೆ. ನನ್ನ ಕೆಲಸ ಹೋದದ್ದು ಹಾಗಿರಲಿ, ಎಸ್ಟೇಟಿನ ಗತಿ ಏನು ಅಂತ ಹೆದರಿಕೆ ಆಯ್ತು" ಅಂದರು.

ಯಾರ ಕಡೆಯವರು

ಕಳೆದ ವರ್ಷ ಯಜಮಾನರು ಹೊಸ ಸಾಫ್ಟ್‌ವೇರ್ ಹಾಕಿಸಿದರು. ಅದು ಮುಖ ನೋಡಿ, ಒಬ್ಬೊಬ್ಬರ ಫೋಟೋಗಳನ್ನು ತಾನೇ ಒಂದು ಕಡೆ ಸೇರಿಸುತ್ತದೆ. ಮೊದಲು ಒಂದೇ ಮದುವೆಯ ಮೇಲೆ ಓಡಿಸಿ, ಆಲ್ಬಮಿಗೆ ಯಾರ್ಯಾರು ಬೇಕು ಅಂತ ಹುಡುಗಿಯ ತಂದೆಗೆ ಆ ಮುಖಗಳ ಪಟ್ಟಿ ಕಳಿಸಿದೆ.

ಅವರು ಫೋನ್ ಮಾಡಿದರು. "ಬಿಳಿ ಮೀಸೆಯವರು ಒಬ್ಬರಿದ್ದಾರಲ್ಲ, ಅವರು ಹುಡುಗನ ಕಡೆಯವರು. ಅವರನ್ನೇ ಕೇಳಿ."

ಹುಡುಗನ ಕಡೆ ಕೇಳಿದೆ. "ಅವರು ಹುಡುಗಿಯ ದೊಡ್ಡಪ್ಪ ಅಲ್ವಾ? ಮುಂದಿನ ಸಾಲಿನಲ್ಲಿ ಕೂರಿಸಿದ್ದೆವು. ನಮ್ಮ ಹುಡುಗ ಕಾಲಿಗೆ ಬಿದ್ದಿದ್ದಾನೆ."

ಎರಡೂ ಕಡೆಯವರಿಗೆ ಗೊತ್ತಿಲ್ಲದ ಮನುಷ್ಯ. ಯಜಮಾನರಿಗೆ ಕುತೂಹಲ ಹುಟ್ಟಿ, ಆ ಮುಖವನ್ನು ಎಲ್ಲ ಮದುವೆಗಳಲ್ಲೂ ಹುಡುಕಿಸಿದರು. ಕೊಡವರ ಮದುವೆ, ಗೌಡರ ಮದುವೆ, ಮಲಯಾಳಿಗಳ ಮದುವೆ, ಹದಿನಾಲ್ಕು ಕಡೆ ಅದೇ ಬಿಳಿ ಮೀಸೆ. ಒಂದರಲ್ಲಿ ಅಕ್ಷತೆ ಹಾಕುತ್ತಿದ್ದರು, ಇನ್ನೊಂದರಲ್ಲಿ ಹುಡುಗಿಯನ್ನು ಕಳಿಸಿಕೊಡುವಾಗ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಅಳುವುದೂ ಸರಿಯಾಗಿಯೇ ಅತ್ತಿದ್ದಾರೆ" ಅಂದರು ಯಜಮಾನರು. ಹುಡುಗಿಯ ತಂದೆಗೆ ವಿಷಯ ಗೊತ್ತಾಗಿ, ಸಿಕ್ಕಿದರೆ ಬಿಡಬೇಡಿ, ನನಗೆ ತಿಳಿಸಿ ಅಂದಿದ್ದರು.

ಒಂದು ಬೆಳಿಗ್ಗೆ ಸ್ಟುಡಿಯೋ ಬಾಗಿಲಲ್ಲಿ ಅದೇ ಬಿಳಿ ಮೀಸೆ. "ಪೆನ್ಶನ್ ಫಾರಮ್ಮಿಗೆ ಒಂದು ಪಾಸ್‌ಪೋರ್ಟ್ ಫೋಟೋ ಬೇಕಿತ್ತು" ಅಂದರು.

ನಾನು ಯಜಮಾನರ ಮುಖ ನೋಡಿದೆ, ಅವರು ನನ್ನದು ನೋಡಿದರು. ಕೊನೆಗೆ ನಾನೇ ಧೈರ್ಯ ಮಾಡಿ ಪರದೆ ತಿರುಗಿಸಿ ತೋರಿಸಿದೆ. "ಈ ಮದುವೆಯಲ್ಲಿ ನೀವು ಯಾರ ಕಡೆಯವರು ಸಾರ್?"

ಅವರು ಒಂದಿಷ್ಟೂ ಗಾಬರಿಯಾಗಲಿಲ್ಲ. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು ಫೋಟೋ ನೋಡಿದರು. "ಕರಿಕೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ದಾರಿಯುದ್ದಕ್ಕೂ ಎಲ್ಲರೂ ಮದುವೆ ಕಾಗದ ನನ್ನ ಕೈಗೇ ಕೊಡುವುದು, ಅಲ್ಲಲ್ಲಿ ಇಳಿಸಲಿಕ್ಕೆ. ಊರಿಗೆಲ್ಲ ಕಾಗದ ಹಂಚಿದವ ನಾನು. ಹಂಚುವವನಿಗೆ ಬೇರೆ ಕಾಗದ ಯಾಕೆ ಅಂತ ಯಾರೂ ಕೊಡಲಿಲ್ಲ. ನಾನೂ ಕೇಳಲಿಲ್ಲ, ಹೋಗ್ತಿದ್ದೆ. ರಿಟೈರ್ ಆದ ಮೇಲೂ ಕಾಲು ಕೇಳುವುದಿಲ್ಲ."

ಹುಡುಗಿಯ ತಂದೆಗೆ ಅಲ್ಲಿಂದಲೇ ಫೋನ್ ಮಾಡಿ ಹೇಳಿದೆ. ಕಂಡಕ್ಟರ್ ಅಂದದ್ದೇ ಅವರಿಗೆ ನೆನಪಾಯಿತು. "ಹೌದು, ನಾನೇ ಅವರ ಕೈಯಲ್ಲಿ ನಲವತ್ತು ಕಾಗದ ಕಳಿಸಿದ್ದೆ, ನನ್ನ ಮದುವೆಗೆ. ಮೀಸೆ ಆಗ ಕಪ್ಪಗಿತ್ತು. ಆಲ್ಬಮಲ್ಲಿ ದೊಡ್ಡದಾಗಿ ಹಾಕಿ" ಅಂದರು.

ಇನ್ನು ಪಾಸ್‌ಪೋರ್ಟ್ ಫೋಟೋ. ಸ್ಟುಡಿಯೋದ ಬಟ್ಟೆಯ ಪರದೆ ಮುಂದೆ ನಿಲ್ಲಿಸಿದರೆ ಅವರ ಬಲಗೈ ತಾನಾಗಿ ಮೇಲೆದ್ದು, ಪಕ್ಕದಲ್ಲಿ ಇಲ್ಲದವರ ಹೆಗಲ ಮೇಲೆ ಕೂರುತ್ತಿತ್ತು. ಕೈ ಇಳಿಸಿ ಅಂದರೆ ಮುಖ ಬಿಗಿಯುತ್ತಿತ್ತು. "ಒಬ್ಬನೇ ನಿಂತು ಅಭ್ಯಾಸ ಇಲ್ಲ" ಅಂದರು. ಯಜಮಾನರು ಕ್ಯಾಮೆರಾ ನನಗೆ ಕೊಟ್ಟು, ಸ್ಟೂಲ್ ಎಳೆದುಕೊಂಡು ಅವರ ಪಕ್ಕ ಕೂತರು. ಕೈ ಯಜಮಾನರ ಹೆಗಲೇರಿತು, ನಗು ಬಂತು, ನಾನು ಕ್ಲಿಕ್ ಮಾಡಿದೆ. ಯಜಮಾನರನ್ನು ಆಮೇಲೆ ಕತ್ತರಿಸಿ ತೆಗೆದರಾಯಿತು.

ಫೋಟೋ ತೋರಿಸಿದೆ. ಅವರು ತೃಪ್ತಿಯಿಂದ ತಲೆಯಾಡಿಸಿ, ಶರ್ಟು ಕೊಡವಿ, ಸ್ಟುಡಿಯೋ ಒಳಗೆ ಅತ್ತಿತ್ತ ನೋಡಿದರು.

"ಊಟ ಯಾವ ಕಡೆ?"