ದೊರೆಗೊಂದು ಬಟ್ಟಲು ಎಣ್ಣೆ

ನನ್ನ ಮಾವನವರು, ಅಂದರೆ ನನ್ನ ಗಂಡನ ತಂದೆ, ಪ್ರಪಂಚದ ಜನರನ್ನೆಲ್ಲ ಎರಡೇ ಗುಂಪು ಮಾಡಿಬಿಟ್ಟಿದ್ದರು: ನಾಯಿ ಸಾಕಿದವರು, ಸಾಕದವರು. ಸಾಕದವರಿಗೆ ಹೊಳೆನರಸೀಪುರದಿಂದ ಹೊರಡುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗುತ್ತಿರಲಿಲ್ಲ. ಸುಳ್ಳು ಅಂತೀರಾ? ಬಸ್ ಸ್ಟ್ಯಾಂಡಿನಲ್ಲಿ ಟಿಕೆಟ್ ಕೊಡುವ ಏಜೆಂಟರು ಅವರೇ! ಹಾಸನ, ಅರಕಲಗೂಡು, ಚನ್ನರಾಯಪಟ್ಟಣ, ಎತ್ತ ಹೋಗುವವರೂ ಅವರ ಗೂಡಿನ ಮುಂದೆ ನಿಲ್ಲಲೇಬೇಕು. ಟಿಕೆಟ್ ಪುಸ್ತಕ ಬಿಚ್ಚಿ ಅವರು ಮೊದಲು ಕೇಳುತ್ತಿದ್ದದ್ದು "ಎಲ್ಲಿಗೆ?" ಅಂತಲ್ಲ. "ಮನೇಲಿ ನಾಯಿ ಅದಾ? ಚಿಗಟಕ್ಕೆ ಏನ್ ಮಾಡ್ತೀರಿ?"

ಐವತ್ತರ ದಶಕದ ಕೊನೆಯಲ್ಲಿ ನಾನು ಆ ಮನೆಗೆ ಸೊಸೆಯಾಗಿ ಬಂದೆ. ನನ್ನ ಗಂಡ ಹಾಸನದ ಕಚೇರಿಯೊಂದರಲ್ಲಿ ಗುಮಾಸ್ತೆ. ಬೆಳಗ್ಗೆ ಹೋದರೆ ಸಂಜೆಗೆ ಬರುವವರು. ಉಳಿದಂತೆ ಮಾವ, ಅತ್ತೆ, ನಾನು, ಮತ್ತು ದೊರೆ. ದೊರೆ ಅಂದರೆ ಕೆಂದು ಬಣ್ಣದ ನಾಯಿ. ಚನ್ನರಾಯಪಟ್ಟಣದ ಬಸ್ಸಿನ ಸೀಟಿನಡಿ ಮಲಗಿ ಬಂದು ಇಲ್ಲಿ ಇಳಿದಿತ್ತಂತೆ. "ಟಿಕೇಟಿಲ್ದೆ ಇಷ್ಟ್ ಠೀವಿಯಿಂದ ಇಳೀಬೇಕಾದ್ರೆ ಇವ್ನು ದೊರೆನೇ ಕಣ" ಅಂದ ಮಾವ ಅದನ್ನು ಮನೆಗೇ ಕರೆತಂದರು. ದೊರೆ ತನ್ನ ಪರಿವಾರವನ್ನೂ ಮೈಮೇಲೆ ಹೊತ್ತು ತಂದಿದ್ದ.

ಆ ಪರಿವಾರವೇ ಚಿಗಟ. ಔಷಧದ ಅಂಗಡಿಗೆ ಹೋಗುವ ಶಕ್ತಿ ನಮಗೆಲ್ಲಿತ್ತು? ಮಾವ ಬಟ್ಟೆ ಒಗೆಯುವ ಸೋಡದ ಡಬ್ಬಿ ಎತ್ತಿಕೊಂಡರು. "ಕೊಳೆ ಓಗೋ ಸೋಡಕ್ಕೆ ಚಿಗಟ ಓಗಾಕಿಲ್ವಾ?" ಎಂಬುದು ಅವರ ವಾದ. ಹತ್ತು ದಿನ ಬಿಡದೆ ಹೇಮಾವತಿ ಹೊಳೆಯಲ್ಲಿ ದೊರೆಗೆ ಸೋಡದ ಸ್ನಾನ. ಚಿಗಟ ಹೋದವು, ನಿಜ. ಹಿಂದೆಯೇ ಕೂದಲೂ ಹೋಯಿತು! ಚರ್ಮ ಒಣಗಿ, ಹಳೇ ಗೋಡೆಯ ಸುಣ್ಣದ ಹಾಗೆ ಹೊಟ್ಟು ಉದುರತೊಡಗಿತು. ಹೋದ ಚಿಗಟಗಳಾದರೂ ಎಲ್ಲಿಗೆ ಹೋದವು ಅಂತೀರಿ? ದೊರೆ ಮಲಗುವ ಗೋಣಿಚೀಲಕ್ಕೆ, ಅಲ್ಲಿಂದ ಜಗಲಿಗೆ, ಜಗಲಿಯಿಂದ ಪಕ್ಕದ ಮನೆಗೆ.

ಪಕ್ಕದ ಮನೆಯಲ್ಲಿದ್ದವರು ನಮ್ಮ ಮನೆಯ ಮಾಲೀಕರು. ಸಂಕ್ರಾಂತಿ ಮುಗಿದ ಮಾರನೇ ದಿನ ಬಂದು ಜಗಲಿಯ ಮೇಲೆ ಕೂತರು.

"ಏಜೆಂಟ್ರೇ, ನಾನು ಕೆಟ್ಟೋನಲ್ಲ. ಆದ್ರೆ ನಮ್ ಮೊಮ್ಮಕ್ಳ ಕಾಲು ನೋಡಿ, ಎಂಗ್ ದದ್ದರಿಸ್ಕೊಂಡವೆ. ಯುಗಾದಿ ಗಂಟ ಟೈಮ್ ಕೊಡ್ತೀನಿ. ಆವತ್ಗೆ ನಾಯಿ ಮೇಲೆ ಕೂದ್ಲು ಇರ್ಬೇಕು, ಚಿಗಟ ಇರ್ಬಾರ್ದು. ಇಲ್ಲಾಂದ್ರೆ ಅದ್ನ ಎಲ್ಲಾರ ಬುಟ್ಬುಟ್ ಬನ್ನಿ."

ಮಾವ ಅವತ್ತು ಊಟ ಮಾಡಲಿಲ್ಲ. "ಎಲ್ಲಿಗ್ ಬುಡನ? ಅದ್ಕೆ ಎಲ್ಲಾ ಬಸ್ಸೂ ಗೊತ್ತು, ವಾಪಸ್ ಬತ್ತದೆ" ಎಂದು ನಗಲು ನೋಡಿದರು. ನಗು ಬರಲಿಲ್ಲ.

ಆಮೇಲೆ ಶುರುವಾಯಿತು ನೋಡಿ ಬಸ್ಸಿನ ವೈದ್ಯ. ಪುಕ್ಕಟೆ ಸಿಗುವ ಔಷಧಿ ಯಾವ ಊರಲ್ಲಿದ್ದರೂ ಬಸ್ಸಿನ ಟಾಪಿನ ಮೇಲೆ ನಮ್ಮ ಮನೆಗೆ ಬರುತ್ತಿತ್ತು. ರಾಮನಾಥಪುರದ ಡ್ರೈವರು ಒಂದು ಕಂತೆ ಹೊಗೆಸೊಪ್ಪಿನ ಕಡ್ಡಿ ತಂದುಕೊಟ್ಟ. ನೆನೆಸಿದ ನೀರನ್ನು ಜಗಲಿಯ ಸಂದಿಗೆ ಚಿಮುಕಿಸಿ ಅಂದಿದ್ದ. ಮಾವನಿಗೆ ಅಷ್ಟು ತಾಳ್ಮೆಯೇ? ನಾಯಿಗೇ ಸುರಿದರು. ದೊರೆ ಮೈ ನೆಕ್ಕಿಕೊಂಡ. ಅರ್ಧ ಗಂಟೆಯಲ್ಲಿ ಜೊಲ್ಲು ಸುರಿಯಿತು, ಕಾಲು ತಡವರಿಸಿ ಕುಸಿದು ಬಿದ್ದ. ಮಾವ ಅವನ ಮೈಯನ್ನು ನಾಲ್ಕು ಸಲ ತೊಳೆದು, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಚ್ಚಲಲ್ಲಿ ಕೂತವರು ಏಳಲೇ ಇಲ್ಲ. ಅರಕಲಗೂಡಿನ ಬಸ್ಸು ಕಾದು ಕಾದು, ಕೊನೆಗೆ ಪ್ರಯಾಣಿಕರೇ ನಮ್ಮ ಮನೆಗೆ ಬಂದರು. ಬಚ್ಚಲಲ್ಲೇ ಟಿಕೆಟ್ ಹರಿದುಕೊಟ್ಟರು, ಮಹಾರಾಯರು! ಹಿಂದೆ ನಿಂತ ಅಜ್ಜಿಯೊಂದು ಕುತ್ತಿಗೆ ಚಾಚಿ, "ಯಾರ್ದವ್ವ ಬಾಣಂತನ?" ಎಂದು ನನ್ನನ್ನೇ ಕೇಳಿತು. ಮಧ್ಯಾಹ್ನಕ್ಕೆ ದೊರೆ ಎದ್ದು ನಿಂತ. ಮಾವ ಹೊಗೆಸೊಪ್ಪನ್ನು ತಿಪ್ಪೆಗೆಸೆದರು. ಸರಿಯಾಗಿ ಹೇಳಿದ್ದ ಡ್ರೈವರ ಜೊತೆ ಒಂದು ವಾರ ಮಾತು ಬಿಟ್ಟರು.

ಮುಂದೆ ಬೇವು. ದಿನಾ ಒಂದು ಹಂಡೆ ಬೇವಿನ ಸೊಪ್ಪು ಕುದಿಸಿ ಜಗಲಿಗೆ ಸುರಿಯುವ ಕೆಲಸ. ಯಾರಿಗೆ? ಇನ್ಯಾರಿಗೆ, ಹೊಸ ಸೊಸೆಗೆ. ಸೊಪ್ಪು ಮಾತ್ರ ಬೀದಿಯ ತಿರುವಿನಲ್ಲಿದ್ದ ಒಂದೇ ಮರದ್ದು. ಅದು ದಿನದಿಂದ ದಿನಕ್ಕೆ ದೊರೆಯಂತೆಯೇ ಬೋಳಾಗುತ್ತಾ ಬಂತು.

ಕೊನೆಗೆ ದಾರಿ ತೋರಿಸಿದವರು ಚನ್ನರಾಯಪಟ್ಟಣಕ್ಕೆ ಹೊರಟಿದ್ದ ದನದ ಆಸ್ಪತ್ರೆಯ ಕಾಂಪೌಂಡರ್ ಒಬ್ಬರು. ಅವರ ಮನೆಯಲ್ಲಿ ಮೂರು ನಾಯಿ. ಕಿಟಕಿ ಪಕ್ಕದ ಸೀಟಲ್ಲ, ಡ್ರೈವರ ಸೀಟನ್ನೇ ಕೊಡಲು ಮಾವ ತಯಾರಿದ್ದರು! ಅವರು ಹೇಳಿದ್ದಿಷ್ಟೇ. "ಸ್ನಾನ ನಿಲ್ಸಿ ಸ್ವಾಮಿ, ಒಣಗ್ಸಿದ್ದು ನೀವೇ. ಗೋಣಿಚೀಲ ವಾರಕ್ಕೆರಡು ಸಲ ಕುದಿಯೋ ನೀರಿಗಾಕಿ ಬಿಸಿಲಿಗೆ ಒಣಗಾಕಿ. ಸಂದಿಗೊಂದಿ ದಿನಾ ಗುಡಿಸಿ. ಮೈಗೆ ವಸಿ ಕೊಬ್ರಿ ಎಣ್ಣೆ ಸವರಿ, ಸಾಕು."

ಕೊಬ್ಬರಿ ಎಣ್ಣೆ ಅತ್ತೆಯವರ ರಾಜ್ಯ. ಶನಿವಾರದ ಎಣ್ಣೆಸ್ನಾನಕ್ಕೆ ನಡುಮನೆಯಲ್ಲಿ ನಾಲ್ಕು ಬಟ್ಟಲು ಸಾಲಾಗಿಟ್ಟು, ಹಿತ್ತಾಳೆ ಗಿಂಡಿಯಿಂದ ಹನಿ ಹೆಚ್ಚುಕಮ್ಮಿಯಾಗದಂತೆ ಸುರಿಯುವರು. ಅದರಲ್ಲೇ ಇಡೀ ವಾರ ತಲೆಗೂ ಮೈಗೂ ಆಗಬೇಕು.

"ನಾಯಿಗೆ ಕೊಬ್ರಿ ಎಣ್ಣೆನಾ? ನಾಳೀಕೆ ಮಲ್ಲಿಗೆ ದಂಡೆನೂ ಮುಡುಸ್ತೀರಾ?" ಎಂದರು ಅತ್ತೆ. "ಈ ಮನೇಲಿ ತಲೆಗೊಂದ್ ಬಟ್ಲು. ನಾಯಿಗಿಲ್ಲ."

ಅಂದಿನಿಂದ ಶನಿವಾರ ಬಂತೆಂದರೆ ಮಾವ "ನಾನೇ ಅಚ್ಕತೀನಿ" ಎಂದು ತಮ್ಮ ಬಟ್ಟಲು ಹಿಡಿದು ಹಿತ್ತಲಿಗೆ ಹೋಗಿಬಿಡುವರು. ವಯಸ್ಸಾದ ಗಂಡಸಿಗೆ ಸಂಕೋಚವಿರಬೇಕು ಅಂದುಕೊಂಡೆ. ದೊರೆಯ ಬೆನ್ನಿನಲ್ಲಿ ಹೊಸ ಕೂದಲು ಚಿಗುರಿತು. "ಸ್ನಾನ ನಿಲ್ಸಿದ್ದಕ್ಕೆ" ಎಂದರು ಮಾವ. "ನಾನೇಳಿದಂಗೆ ಗೋಣಿಚೀಲ ಬಿಸಿಲಿಗಾಕಿದ್ದಕ್ಕೆ" ಎಂದರು ಅತ್ತೆ. ಕುದಿಸಿ, ಗುಡಿಸಿ ಸೊಂಟ ಬಿದ್ದುಹೋಗಿದ್ದ ನನ್ನ ಹೆಸರನ್ನು ಯಾರೂ ಎತ್ತಲಿಲ್ಲ ಬಿಡಿ!

ಯುಗಾದಿಯ ಹಿಂದಿನ ದಿನ ಬೀದಿಯ ಹೆಂಗಸರೆಲ್ಲ ಬೇವು ಬೆಲ್ಲಕ್ಕೆ ಸೊಪ್ಪು ಕೀಳಲು ಹೋದರೆ ಮರದಲ್ಲಿ ಕೈಗೆಟಕುವಷ್ಟರಲ್ಲಿ ಒಂದೆಲೆಯೂ ಇಲ್ಲ. ಎಲ್ಲರೂ ನೇರ ನಮ್ಮ ಬಾಗಿಲಿಗೆ ಬಂದರು. ಮಾವ ಅರಕಲಗೂಡಿನ ಸಂಜೆ ಬಸ್ಸಿನ ಟಾಪಿನ ತುಂಬ ಬೇವು ತರಿಸಿ ಮನೆಮನೆಗೂ ಹಂಚಿದರು. ಮಾಲೀಕರ ಮನೆಗೆ ಎರಡು ಕಂತೆ.

ಹಬ್ಬದ ಬೆಳಗ್ಗೆ ಮಾಲೀಕರು ತಪಾಸಣೆಗೆ ಬಂದರು. ದೊರೆಯ ಕೂದಲನ್ನು ಹಿಂದುಮುಂದಾಗಿ ಬಿಡಿಸಿ ನೋಡಿದರು. ಚಿಗಟವಿಲ್ಲ, ಹೊಟ್ಟಿಲ್ಲ, ಮದುಮಗನ ಹಾಗೆ ಮಿರಮಿರ ಮಿಂಚುತ್ತಿದ್ದ. ಯುಗಾದಿಯ ದಿನ ಮಾತ್ರ ಎಲ್ಲರಿಗೂ ಅತ್ತೆಯೇ ಎಣ್ಣೆ ಹಚ್ಚುವ ಪದ್ಧತಿ. ಹಾಗಾಗಿ ಮಾವ ಅಂಗಿ ತೆಗೆದು ಮಣೆಯ ಮೇಲೆ ಕೂತಿದ್ದರು. ಮಾಲೀಕರ ಕಣ್ಣು ಅವರ ಬೆನ್ನಿನ ಮೇಲೆ ಬಿತ್ತು.

"ನಾಯಿ ಇರ್ಲಿ ಬುಡಿ, ಪಾಸು" ಎಂದರು. "ಆದ್ರೆ ಏಜೆಂಟ್ರೇ, ನೀವೂ ವಸಿ ಎಣ್ಣೆ ಅಚ್ಕಳಿ. ನಿಮ್ಮ ಮೈಯೇ ಹೊಟ್ಟು ಉದುರ್ತಾ ಅದೆ."

ನಾವೆಲ್ಲ ನಕ್ಕೆವು. ಅತ್ತೆ ನಗಲಿಲ್ಲ. ಬಿಳಿಚಿ ಒಡೆದಿದ್ದ ಆ ಬೆನ್ನು ನೋಡಿದರು, ಹೊಳೆಯುತ್ತಿದ್ದ ದೊರೆಯನ್ನು ನೋಡಿದರು, ಕೈಯಲ್ಲಿದ್ದ ಬಟ್ಟಲನ್ನು ನೋಡಿದರು. ಆರು ಶನಿವಾರಗಳ ಎಣ್ಣೆ ಯಾರ ಮೈಗೆ ಹೋಗಿತ್ತೆಂದು ನನಗೂ ಆಗಲೇ ತಿಳಿದದ್ದು.

ಅತ್ತೆ ಒಳಗೆ ಹೋಗಿ ಗಿಂಡಿಯನ್ನೇ ತಂದರು. ಬೇರೆಯವರ ಮುಂದೆ ಗಂಡನ ಪಕ್ಕ ನಿಲ್ಲಲೂ ನಾಚುತ್ತಿದ್ದ ಹೆಂಗಸು ಮಾಲೀಕರ ಎದುರಲ್ಲೇ ಆ ಬೆನ್ನಿಗೆ ಎಣ್ಣೆ ಸುರಿದು ಅಂಗೈಯಿಂದ ಮೆಲ್ಲಗೆ ತಿಕ್ಕಿದರು. ಅವರ ಕಣ್ಣು ತುಂಬಿತ್ತು.

"ಒಂದ್ ಮಾತು ಕೇಳ್ಬಾರ್ದಾಗಿತ್ತಾ?"

"ಕೇಳಿದ್ನಲ್ಲ. ನೀನೇ ತಲೆಗೊಂದ್ ಬಟ್ಲು ಅಂದೆ" ಎಂದರು ಮಾವ, ತಲೆ ಬಗ್ಗಿಸಿಕೊಂಡೇ.

ಮುಂದಿನ ಶನಿವಾರ ನಡುಮನೆಗೆ ಬಂದಾಗ ಸಾಲಾಗಿ ಐದು ಬಟ್ಟಲುಗಳಿದ್ದವು. ಮಾವ ಐದನೆಯದಕ್ಕೆ ಕೈ ಚಾಚಿದರು. ಅತ್ತೆ ಕೊಡಲಿಲ್ಲ. ಸೆರಗು ಸಿಕ್ಕಿಸಿ, ಬಟ್ಟಲು ಹಿಡಿದು, ತಾವೇ ಹಿತ್ತಲ ಬಾಗಿಲು ದಾಟಿ ಕರೆದರು: "ಬಾರ್ಲಾ ದೊರೆ, ಕೂತ್ಕ."